ಮನೆ ಮಾರಾಟದ ನೋಂದಣಿ ದಿನ: ಮಾರುವವರ ಪೂರ್ವಸಿದ್ಧತೆ



ಹಳ್ಳಿಯಲ್ಲಿ ಮನೆಯೊಂದು ಮಾರಾಟಕ್ಕಿದೆ ಎಂಬ ಸುದ್ದಿ ಪಂಚಾಯಿತಿ ಕಚೇರಿಯ ಕಡತಕ್ಕೆ ತಲುಪುವ ಎಷ್ಟೋ ದಿನ ಮೊದಲೇ ಆಯಾ ವಾರ್ಡಿನ ಸದಸ್ಯರ ಮನೆಯ ಜಗಲಿಗೆ ತಲುಪಿರುತ್ತದೆ. ಬೆಲೆ ಕುದುರಿಸುವಾಗ ನಿಮ್ಮನ್ನು ಕರೆಯುತ್ತಾರೆ, ಮುಂಗಡ ಕೊಡುವಾಗ ನಡುವೆ ಕೂರಿಸಿಕೊಳ್ಳುತ್ತಾರೆ, ನೋಂದಣಿಯ ದಿನ ಸಾಕ್ಷಿಯಾಗಿ ಸಹಿ ಹಾಕಲು ನಿಮ್ಮನ್ನೇ ಕರೆದೊಯ್ಯುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮುಂದೆ ಆ ವ್ಯವಹಾರ ಬರುವುದು ಬಹುತೇಕ ಕೊನೆಯ ಗಳಿಗೆಯಲ್ಲಿ, "ನಾಳೆ ನೋಂದಣಿ ಇದೆ, ಇಂದೇ ನಮೂನೆ-9 ಬೇಕು" ಎಂಬ ಒತ್ತಾಯದ ರೂಪದಲ್ಲಿ. ಆದಕಾರಣ ಈ ಪಾಠವನ್ನು ಕಚೇರಿ ಸಿಬ್ಬಂದಿಗಿಂತ ಹೆಚ್ಚಾಗಿ ಸದಸ್ಯರನ್ನೇ ಉದ್ದೇಶಿಸಿ ಬರೆಯಲಾಗಿದೆ.

ಮನೆ ಕೊಳ್ಳುವವರು ಯಾವ ಯಾವ ದಾಖಲೆ ನೋಡಬೇಕು ಎಂಬ ಬಗ್ಗೆ ಬ್ಯಾಂಕುಗಳು, ವಕೀಲರು, ಪತ್ರ ಬರಹಗಾರರು ಎಲ್ಲರೂ ಹೇಳುತ್ತಾರೆ. ಮಾರುವವರಿಗೆ ಹೇಳುವವರು ಇಲ್ಲ. ಮಾರುವವರಿಗೆ ಹಣ ಬರುತ್ತದೆ, ಅವರಿಗೇನು ಅಪಾಯ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವದಲ್ಲಿ ಗ್ರಾಮೀಣ ಪ್ರದೇಶದಲ್ಲಿ ಮನೆ ಮಾರುವವರು ಹಲವು ವೇಳೆ ವಯೋವೃದ್ಧರು, ಪತಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳು, ಆಸ್ಪತ್ರೆಯ ಖರ್ಚಿಗೋ ಹಳೆಯ ಸಾಲಕ್ಕೋ ಸಿಲುಕಿದವರು. ಅವರಿಗಿರುವ ಸ್ಥಿರಾಸ್ತಿ ಅದೊಂದೇ. ಕೊಳ್ಳುವವರಲ್ಲಿ ತಪ್ಪಾದರೆ ಅವರ ಕೈಯಲ್ಲಿ ಕನಿಷ್ಠ ಒಂದು ಕಾಗದವೂ ಒಂದು ಕಟ್ಟಡವೂ ಉಳಿಯುತ್ತವೆ; ಮಾರುವವರಲ್ಲಿ ತಪ್ಪಾದರೆ ಏನೂ ಉಳಿಯುವುದಿಲ್ಲ.

ಸಹಿ ಹಾಕಿದ ಮೇಲೆ

ಸ್ವತ್ತು ವರ್ಗಾವಣೆ ಅಧಿನಿಯಮ 1882ರ 54ನೇ ಪ್ರಕರಣದಂತೆ 100 ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು. ಇದು ಎಲ್ಲರಿಗೂ ಗೊತ್ತು. ಅದೇ ಪ್ರಕರಣದಲ್ಲಿರುವ ಇನ್ನೊಂದು ಮಾತು ಅಷ್ಟಾಗಿ ಗೊತ್ತಿಲ್ಲ. ಬೆಲೆಯನ್ನು ಕೊಟ್ಟಿರಬಹುದು, ಕೊಡುವುದಾಗಿ ವಚನವಿತ್ತಿರಬಹುದು, ಅಥವಾ ಭಾಗಶಃ ಕೊಟ್ಟು ಭಾಗಶಃ ವಚನವಿತ್ತಿರಬಹುದು. ಮೂರರಲ್ಲಿ ಯಾವುದಾದರೂ ಮಾರಾಟ ಮಾರಾಟವೇ. ಅಂದರೆ, ಹಣ ಪೂರ್ತಿ ಬಾರದಿದ್ದರೂ ಪತ್ರ ನೋಂದಣಿಯಾದ ಮೇಲೆ ಮನೆ ಹೋದಂತೆಯೇ.

ಈ ವಿಷಯವನ್ನು ಸುಪ್ರೀಂ ಕೋರ್ಟ್ 2020ರ ಜುಲೈ ತಿಂಗಳಲ್ಲಿ ಗುಜರಾತಿನ ಸೂರತ್ ಕಡೆಯ ಜಮೀನಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. 2009ರಲ್ಲಿ ಒಂದು ಕುಟುಂಬ ತನ್ನ ಜಮೀನನ್ನು 1 ಕೋಟಿ 74 ಲಕ್ಷ ರೂಪಾಯಿಗೆ ಮಾರಿ ಪತ್ರ ನೋಂದಾಯಿಸಿಕೊಟ್ಟಿತು. ಹಣವನ್ನು 36 ಚೆಕ್ಕುಗಳ ಮೂಲಕ ಪಾವತಿಸಲಾಗಿದೆ ಎಂದು ಪತ್ರದಲ್ಲಿ ಬರೆಯಲಾಗಿತ್ತು. 2014ರ ಕೊನೆಯಲ್ಲಿ ಕುಟುಂಬ ನ್ಯಾಯಾಲಯದ ಮೆಟ್ಟಿಲೇರಿತು: ತಾವು ಅನಕ್ಷರಸ್ಥರು, ತಮಗೆ ತಲುಪಿದ್ದು 6 ಚೆಕ್ಕುಗಳ 40,000 ರೂಪಾಯಿ ಮಾತ್ರ, ಉಳಿದ 30 ಚೆಕ್ಕುಗಳು ಸುಳ್ಳು, ಆದ್ದರಿಂದ ಪತ್ರವನ್ನು ರದ್ದುಗೊಳಿಸಬೇಕು ಎಂದು. ದಾವೆ ವಿಚಾರಣೆಯ ಹಂತಕ್ಕೂ ಹೋಗಲಿಲ್ಲ. ಬೆಲೆಯ ಬಹುಭಾಗ ಬಾಕಿ ಇದೆಯೆಂದೇ ಒಪ್ಪಿಕೊಂಡರೂ ನೋಂದಾಯಿತ ಮಾರಾಟ ರದ್ದಾಗದು, ಬಾಕಿ ಹಣಕ್ಕಾಗಿ ಬೇರೆ ಪರಿಹಾರ ಕೋರಬಹುದಷ್ಟೆ ಎಂದು ನ್ಯಾಯಾಲಯ ಹೇಳಿತು. ಕಾಲಮಿತಿಯ 3 ವರ್ಷವೂ ಮೀರಿ ಹೋಗಿತ್ತು.

ಬಾಕಿ ಹಣಕ್ಕೆ ಮಾರಿದವರಿಗೆ ಆ ಸ್ವತ್ತಿನ ಮೇಲೆಯೇ ಋಣಭಾರದ ಹಕ್ಕನ್ನು ಅದೇ ಅಧಿನಿಯಮದ 55ನೇ ಪ್ರಕರಣ ನೀಡುತ್ತದೆ ಎಂಬುದು ನಿಜ. ಆದರೆ "ಪೂರ್ತಿ ಹಣ ಸಂದಾಯವಾಗಿದೆ" ಎಂದು ಪತ್ರದಲ್ಲಿ ತಾವೇ ಬರೆದುಕೊಟ್ಟ ಮೇಲೆ ಬಾಕಿ ಇದೆ ಎಂದು ರುಜುವಾತುಪಡಿಸುವ ಹೊಣೆ ಮಾರಿದವರ ಮೇಲೆಯೇ ಬೀಳುತ್ತದೆ. ಉಪನೋಂದಣಾಧಿಕಾರಿಯವರ ಬಳಿ ಹೋಗಿ "ಹಣ ಬರಲಿಲ್ಲ, ಪತ್ರ ರದ್ದು ಮಾಡಿ" ಎಂದು ಕೇಳುವವರಿದ್ದಾರೆ. ಆ ಅಧಿಕಾರ ಅವರಿಗಿಲ್ಲ. ಪಂಚಾಯಿತಿಗಂತೂ ಇಲ್ಲವೇ ಇಲ್ಲ. ಆದುದರಿಂದ ಮುಂದೆ ಹೇಳುವ ಎಲ್ಲ ಸಿದ್ಧತೆಗಳೂ ಸಹಿಗೆ ಮೊದಲು ಮುಗಿಯಬೇಕಾದವು.

ಖಾತೆಯಲ್ಲಿರುವ ಹೆಸರು, ಮನೆಯಲ್ಲಿರುವ ಹಕ್ಕುದಾರರು

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯ ನೋಂದಣಿಗೆ ಇ-ಸ್ವತ್ತು ತಂತ್ರಾಂಶದಿಂದ ಪಡೆದ ನಮೂನೆ-9 ಮತ್ತು ನಮೂನೆ-11ಎ ಬೇಕು. ನಮೂನೆ-11ಬಿ ವರ್ಗದ ಸ್ವತ್ತುಗಳ ಬಗ್ಗೆ ಪಂಚಾಯತ್ ರಾಜ್ ಅಧಿನಿಯಮಕ್ಕೆ 2025ರಲ್ಲಿ ಆದ ತಿದ್ದುಪಡಿಯ ನಂತರ ವ್ಯವಸ್ಥೆ ಬದಲಾಗಿರುವುದರಿಂದ, ಅಂತಹ ಮನೆ ಮಾರುವವರು ಮುಂಗಡ ಪಡೆಯುವ ಮೊದಲೇ ಕಚೇರಿಗೆ ಬಂದು ತಮ್ಮ ಸ್ವತ್ತಿನ ಸ್ಥಿತಿ ತಿಳಿದುಕೊಳ್ಳುವಂತೆ ದಯವಿಟ್ಟು ಸೂಚಿಸಿ.

ಖಾತೆಯು ತೆರಿಗೆಯ ದಾಖಲೆಯೇ ಹೊರತು ಒಡೆತನದ ದಾಖಲೆಯಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೂ ನಮ್ಮ ಹಳ್ಳಿಗಳಲ್ಲಿ "ಖಾತೆ ನನ್ನ ಹೆಸರಲ್ಲಿದೆ, ಮನೆ ನನ್ನದು" ಎಂಬ ನಂಬಿಕೆ ಬಲವಾಗಿದೆ. ತಂದೆಯ ಮರಣಾನಂತರ ಹಿರಿಯ ಮಗನ ಹೆಸರಿಗೆ ಪೌತಿ ಖಾತೆಯಾಗಿದ್ದ ಮಾತ್ರಕ್ಕೆ ಆ ಮನೆ ಅವನೊಬ್ಬನದಾಗುವುದಿಲ್ಲ. ಹಿಂದೂ ಕುಟುಂಬದಲ್ಲಿ ತಂದೆಯ ಸ್ವಯಾರ್ಜಿತ ಮನೆ ಉಯಿಲಿಲ್ಲದೆ ಉಳಿದರೆ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಂದೆಯ ತಾಯಿ ಸಮಾನ ಹಕ್ಕುದಾರರು. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ; 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯ ಈ ಹಕ್ಕಿಗೆ ಆ ದಿನ ತಂದೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಮಾನಿಸಿದೆ. ನಮ್ಮ ರಾಜ್ಯ ಇದಕ್ಕೂ ಮೊದಲೇ, 1994ರಲ್ಲಿಯೇ, ತನ್ನದೇ ತಿದ್ದುಪಡಿಯ ಮೂಲಕ ಅಂದು ಅವಿವಾಹಿತರಾಗಿದ್ದ ಹೆಣ್ಣುಮಕ್ಕಳಿಗೆ ಇಂತಹ ಹಕ್ಕು ನೀಡಿತ್ತು ಎಂಬುದನ್ನು ಇಲ್ಲಿ ನೆನಪಿಸಬಹುದು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನುಗಳಿವೆ, ಪಾಲಿನ ಪ್ರಮಾಣವೂ ಬೇರೆ. ಆದರೆ ಮಗಳಿಗೆ ಪಾಲೇ ಇಲ್ಲವೆನ್ನುವ ಕಾನೂನು ಅವುಗಳಲ್ಲಿಯೂ ಇಲ್ಲ.

"ಅಕ್ಕ ಮದುವೆಯಾಗಿ ಹೋಗಿದ್ದಾಳೆ, ಅವಳದೇನೂ ತಕರಾರಿಲ್ಲ" ಎಂಬ ಮಾತು ಪ್ರತಿಯೊಂದು ಮಾರಾಟದಲ್ಲೂ ಕೇಳಿಬರುತ್ತದೆ. ತಕರಾರಿಲ್ಲದಿದ್ದರೆ ಅಕ್ಕ ನೋಂದಣಿಗೆ ಬಂದು ಮಾರುವವರಲ್ಲಿ ಒಬ್ಬರಾಗಿ ಸಹಿ ಹಾಕಲಿ, ತನ್ನ ಪಾಲಿನ ಹಣವನ್ನು ತನ್ನ ಖಾತೆಗೆ ಪಡೆಯಲಿ. ಪಾಲು ಬೇಡವೆಂದು ಅವರು ಮನಸಾರೆ ಹೇಳುವುದಾದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆ. ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಬರೆಸಿಕೊಂಡು ಮನೆಯ ಪೆಟ್ಟಿಗೆಯಲ್ಲಿಟ್ಟ ಒಪ್ಪಿಗೆಗೆ ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವ ಶಕ್ತಿಯಿಲ್ಲ. ಈ ಮಾತನ್ನು ಅಣ್ಣತಮ್ಮಂದಿರಿಗೆ ಮುಖಾಮುಖಿ ಹೇಳಬಲ್ಲವರು ಊರಿನಲ್ಲಿ ಸದಸ್ಯರೇ. ಅಧಿಕಾರಿ ಹೇಳಿದರೆ ಅದು ಅಡ್ಡಿಯಾಗಿ ಕಾಣುತ್ತದೆ, ನೀವು ಹೇಳಿದರೆ ಹಿತವಚನವಾಗಿ ಕಾಣುತ್ತದೆ.

ಹಕ್ಕುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ, ಅಂದರೆ ತೀರಿಹೋದ ತಂದೆಯ ಪಾಲು ಎಳೆಯ ಮಕ್ಕಳಿಗೆ ಬಂದಿದ್ದರೆ, ಅಂತಹ ಪಾಲನ್ನು ತಾಯಿ ಮಾರಬೇಕಾದರೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಮುಂಗಡ ಪಡೆದ ಮೇಲೆ ಈ ವಿಷಯ ನೆನಪಾದರೆ ಕರಾರಿನ ಅವಧಿ ಮುಗಿದು ಮಾರುವವರೇ ವಚನಭ್ರಷ್ಟರೆನಿಸಿಕೊಳ್ಳುತ್ತಾರೆ.

ಹೊರದೇಶದಲ್ಲಿರುವ ಮಕ್ಕಳದು ಇನ್ನೊಂದು ಬಗೆ. ದುಬೈ, ಮಸ್ಕತ್, ಕುವೈತ್‌ಗಳಲ್ಲಿ ದುಡಿಯುವ ಸಹೋದರನ ಸಹಿಗಾಗಿ ಮಾರಾಟ ನಿಲ್ಲುವುದು ಕರಾವಳಿಯ ಸದಸ್ಯರಿಗೆ ಚಿರಪರಿಚಿತ. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರ ದೃಢೀಕರಿಸಿ ಕಳುಹಿಸಬಹುದು. ಅದು ರಾಜ್ಯಕ್ಕೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆದರೆ ಅಧಿಕಾರ ಪತ್ರವನ್ನೇ ಮಾರಾಟ ಪತ್ರದಂತೆ ಬಳಸುವ ಹಳೆಯ ರೂಢಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿಯೇ ತಳ್ಳಿಹಾಕಿದೆ. ಜಿಪಿಎ ಬರೆದುಕೊಟ್ಟು ಹಣ ಪಡೆದು ಸುಮ್ಮನಾದವರ ಹೆಸರಿನಲ್ಲಿಯೇ ಆ ಮನೆಯ ಹೊಣೆಗಳೆಲ್ಲ ಉಳಿಯುತ್ತವೆ.

ಸರ್ಕಾರ ಮಂಜೂರು ಮಾಡಿದ ನಿವೇಶನ ಅಥವಾ ವಸತಿ ಯೋಜನೆಯ ಮನೆಯಾದರೆ ಮೊದಲು ಹಕ್ಕುಪತ್ರದ ಹಿಂಬದಿಯನ್ನು ಓದಬೇಕು. ಪರಭಾರೆ ಮಾಡಬಾರದ ಅವಧಿ ಅಲ್ಲಿ ಬರೆದಿರುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ವಿಷಯದಲ್ಲಿ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆ ಊರ್ಜಿತವಲ್ಲ.

ಹೆಸರಿನ ವ್ಯತ್ಯಾಸ ಸಣ್ಣ ವಿಷಯವೆನಿಸಿದರೂ ನೋಂದಣಿ ದಿನ ಮುಂದೂಡುವುದಕ್ಕೆ ಸಾಕಾಗುತ್ತದೆ. ಖಾತೆಯಲ್ಲಿ ವೀರಮ್ಮ, ಆಧಾರ್‌ನಲ್ಲಿ ಈರಮ್ಮ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿ ಮತ್ತೊಂದು. ಮೂರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇದನ್ನು ಸರಿಪಡಿಸುವ ಕೆಲಸವನ್ನು ಎರಡು ತಿಂಗಳ ಮೊದಲೇ ಆರಂಭಿಸತಕ್ಕದ್ದು.

ಟೇಪು ಹಿಡಿದು ಅಳೆಯುವುದು

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿರುವುದಕ್ಕೆ ಲೇಖಕ ಓದಿದ್ದು ಎಂಜಿನಿಯರಿಂಗ್ ಎಂಬುದೂ ಒಂದು ಕಾರಣವೆಂದು ಸದಸ್ಯರು ಮನ್ನಿಸಬೇಕು. ಮುಖ್ಯ ಕಾರಣವೇನೆಂದರೆ, ಪಂಚಾಯಿತಿಗೆ ಬರುವ ಸ್ವತ್ತಿನ ತಕರಾರುಗಳಲ್ಲಿ ದೊಡ್ಡ ಪಾಲು ಅಳತೆ ಮತ್ತು ಚಕ್ಕುಬಂದಿಗೆ ಸಂಬಂಧಿಸಿದ್ದು.

ಹಳೆಯ ಪತ್ರಗಳಲ್ಲಿ "ಮೂರಂಕಣದ ಮನೆ, ಹಿತ್ತಲು, ಕೊಟ್ಟಿಗೆ ಸಹಿತ" ಎಂದಿರುತ್ತದೆ. ಅಂಕಣವೆಂದರೆ ಎರಡು ಕಂಬಸಾಲುಗಳ ನಡುವಿನ ಅಂತರ. ಮನೆ ಕಟ್ಟಿದ ಬಡಗಿಗೆ ಸಿಕ್ಕಿದ ತೊಲೆಯ ಉದ್ದವೇ ಅದರ ಅಳತೆ. ಅದಕ್ಕೆ ನಿಶ್ಚಿತ ಅಡಿಗಳಿಲ್ಲ. ಆನಂತರದ ಕೈಬರಹದ ಖಾತೆಗಳಲ್ಲಿ ಅಡಿ, ಗಜಗಳಿವೆ. ಇ-ಸ್ವತ್ತಿನಲ್ಲಿ ಮೀಟರ್ ಇದೆ. ಅಂಕಣದಿಂದ ಅಡಿಗೆ, ಅಡಿಯಿಂದ ಮೀಟರಿಗೆ ಬರುವ ದಾರಿಯಲ್ಲಿ ಜಾಗ ಕರಗುತ್ತದೆ ಅಥವಾ ಬೆಳೆಯುತ್ತದೆ.

ಒಂದು ಲೆಕ್ಕ ನೋಡೋಣ. 30 ಅಡಿ ಮತ್ತು 40 ಅಡಿಯ ನಿವೇಶನವೆಂದರೆ 9.14 ಮೀಟರ್ ಮತ್ತು 12.19 ಮೀಟರ್, ವಿಸ್ತೀರ್ಣ ಸುಮಾರು 111.5 ಚದರ ಮೀಟರ್. ದಾಖಲಿಸುವಾಗ ಭಿನ್ನಾಂಶ ಬಿಟ್ಟು 9 ಮತ್ತು 12 ಎಂದು ಬರೆದರೆ ವಿಸ್ತೀರ್ಣ 108ಕ್ಕೆ ಇಳಿಯುತ್ತದೆ. ಕಳೆದುಹೋದ ಮೂರೂವರೆ ಚದರ ಮೀಟರ್ ಎಂದರೆ 37 ಚದರ ಅಡಿ, ಒಂದು ಬಚ್ಚಲುಮನೆಯಷ್ಟು ಜಾಗ. ನಮೂನೆಯಲ್ಲಿ 108 ಇದ್ದು ಮಾರಾಟ ಪತ್ರದಲ್ಲಿ 1,200 ಚದರ ಅಡಿ ಎಂದು ಬರೆಯಿಸಿದರೆ ದಾಖಲೆಗಳು ತಾಳೆಯಾಗುವುದಿಲ್ಲ. ತಾಳೆಯಾಗುವಂತೆ ಕಡಿಮೆ ಬರೆಯಿಸಿದರೆ ಮಾರುವವರು ತಮ್ಮದಾದ ಜಾಗಕ್ಕೆ ಬೆಲೆ ಕಳೆದುಕೊಳ್ಳುತ್ತಾರೆ.

ಅಳೆಯುವಾಗ ನಾಲ್ಕೂ ಬದಿ ಅಳೆಯಬೇಕು, ಮೂಲೆಯಿಂದ ಮೂಲೆಗೂ ಅಳೆಯಬೇಕು. 30 ಮತ್ತು 40 ಅಡಿಯ ನೇರ ಚೌಕಟ್ಟಿನ ಕರ್ಣ ಕರಾರುವಾಕ್ಕಾಗಿ 50 ಅಡಿ. ಟೇಪು 48 ಅಥವಾ 52 ತೋರಿಸಿದರೆ ನಿವೇಶನ ಓರೆಯಾಗಿದೆ ಎಂದರ್ಥ. ಆಗ ಉದ್ದ ಅಗಲವೆಂಬ ಎರಡೇ ಅಂಕಿಗಳ ಬದಲು ನಾಲ್ಕೂ ಬದಿಗಳ ಅಳತೆಯನ್ನು ಪತ್ರದ ಷೆಡ್ಯೂಲಿನಲ್ಲಿ ಬರೆಯಿಸಬೇಕು. ಪಕ್ಕದ ಮನೆಯೊಂದಿಗೆ ಜಂಟಿ ಗೋಡೆಯಿದ್ದರೆ ಅಳತೆ ಗೋಡೆಯ ಮಧ್ಯದವರೆಗೋ ಹೊರಮೈವರೆಗೋ ಎಂಬುದನ್ನು ಪಕ್ಕದವರ ಎದುರಿನಲ್ಲೇ ನಿರ್ಧರಿಸಿಕೊಳ್ಳುವುದು ಲೇಸು. ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ, ಬಚ್ಚಲ ನೀರಿನ ಕಾಲುವೆ ಯಾರ ಹಿತ್ತಲಲ್ಲಿ ಹಾಯುತ್ತದೆ, ಬಾವಿಗೆ ಯಾರು ಯಾರಿಗೆ ದಾರಿ ಎಂಬಿವೆಲ್ಲ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ನಡೆದುಬಂದಿರುತ್ತವೆ. ಹೊಸಬರು ಬಂದಾಗ ಅವು ಬಾಯಿಮಾತಿನಲ್ಲಿ ಉಳಿಯುವುದಿಲ್ಲ. ಕೊಳ್ಳುವವರಿಗೆ ತಾನಾಗಿ ತಿಳಿಯಲಾಗದ ಮಹತ್ವದ ದೋಷ ಸ್ವತ್ತಿನಲ್ಲಾಗಲಿ ಒಡೆತನದಲ್ಲಾಗಲಿ ಇದ್ದರೆ ಅದನ್ನು ತಿಳಿಸುವುದು ಮಾರುವವರ ಕಾನೂನುಬದ್ಧ ಕರ್ತವ್ಯ ಎಂದು 55ನೇ ಪ್ರಕರಣ ಹೇಳುತ್ತದೆ. ಮುಚ್ಚಿಟ್ಟರೆ ಮುಂದೆ ಅದನ್ನು ವಂಚನೆಯೆಂದೇ ಪರಿಗಣಿಸಬಹುದು.

ಚಕ್ಕುಬಂದಿಯಲ್ಲಿ ಕಾಲ ನಿಂತುಹೋಗಿರುವುದು ಇನ್ನೊಂದು ತೊಡಕು. ಪೂರ್ವಕ್ಕೆ ಯಾರದೋ ಖಾಲಿ ಜಾಗ ಎಂದಿರುತ್ತದೆ, ಅಲ್ಲೀಗ ಎರಡು ಅಂತಸ್ತಿನ ಮನೆ ನಿಂತಿರುತ್ತದೆ. ಉತ್ತರಕ್ಕೆ ಬಂಡಿದಾರಿ ಎಂದಿರುತ್ತದೆ, ಅದೀಗ ಪಂಚಾಯಿತಿಯ ಕಾಂಕ್ರೀಟ್ ರಸ್ತೆ. ಅಳತೆಗೂ ಚಕ್ಕುಬಂದಿಗೂ ಭಿನ್ನತೆ ಬಂದಾಗ ಸಾಮಾನ್ಯವಾಗಿ ನ್ಯಾಯಾಲಯಗಳು ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ. ಆದುದರಿಂದ ಇಂದಿನ ಚಕ್ಕುಬಂದಿಯನ್ನು ಇಂದಿನ ನೆರೆಹೊರೆಯವರ ಹೆಸರಿನೊಂದಿಗೆ ಬರೆಯಿಸಿ, ಹಳೆಯ ಪತ್ರದ ಚಕ್ಕುಬಂದಿಯನ್ನೂ ಉಲ್ಲೇಖಿಸುವುದು ಸೂಕ್ತ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಮುಗಿದ ಗ್ರಾಮಗಳಲ್ಲಿ ಗ್ರಾಮಠಾಣದ ಮನೆಗಳ ನಕ್ಷೆ ದೊರೆಯುತ್ತದೆ. ಅದನ್ನು ನಮೂನೆ-9ರ ಜೊತೆ ಹೋಲಿಸಿ ನೋಡಬೇಕು. ನಮೂನೆಯ ತಿದ್ದುಪಡಿಗೆ ಅರ್ಜಿ, ಸ್ಥಳ ಪರಿಶೀಲನೆ, ಸಂಬಂಧಪಟ್ಟವರಿಗೆ ತಿಳುವಳಿಕೆ ಎಲ್ಲವೂ ಆಗಬೇಕು. ಸದಸ್ಯರು ಕಾರ್ಯದರ್ಶಿಯವರ ಮೇಜಿನ ಬಳಿ ನಿಂತು ಒತ್ತಾಯಿಸಿದರೆ ಇದು ಒಂದು ಸಂಜೆಯಲ್ಲಿ ಮುಗಿಯುವಂಥದ್ದಲ್ಲ, ಮುಗಿಯಲೂ ಬಾರದು.

ಸಾಲ ತೀರಿದೆ, ಕಾಗದ ಬಂದಿಲ್ಲ

ಋಣಭಾರ ಪ್ರಮಾಣಪತ್ರ, ಊರಿನ ಮಾತಿನಲ್ಲಿ ಇಸಿ, ಕೊಳ್ಳುವವರು ತೆಗೆಸುವ ಕಾಗದವೆಂದು ಮಾರುವವರು ತಿಳಿದಿರುತ್ತಾರೆ. ತಾವೇ ಮೊದಲು ತೆಗೆಸಿ ನೋಡುವುದರಲ್ಲಿ ಜಾಣತನವಿದೆ. 2004ರ ಏಪ್ರಿಲ್ ನಂತರದ ವಿವರ ಕಾವೇರಿ ಜಾಲತಾಣದಲ್ಲಿ ದೊರೆಯುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿಯವರ ಕಚೇರಿಗೆ ಹೋಗಬೇಕು. ವ್ಯವಹಾರಗಳಿದ್ದರೆ ನಮೂನೆ-15, ಇಲ್ಲದಿದ್ದರೆ ನಮೂನೆ-16 ಬರುತ್ತದೆ. ಎಂದೋ ತೀರಿಸಿದ ಸಾಲದ ಅಡಮಾನ ಅದರಲ್ಲಿ ಇನ್ನೂ ಜೀವಂತವಾಗಿ ಕಾಣಿಸುವುದು ಸಾಮಾನ್ಯ. ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದರೆ ಸಾಲದು, ಋಣಮುಕ್ತಿ ಪತ್ರವನ್ನೂ ನೋಂದಾಯಿಸಬೇಕು.

ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಆದೇಶಿಸಿದೆ; 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಸಹಕಾರಿ ಬ್ಯಾಂಕುಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಮಾತ್ರ ರಿಸರ್ವ್ ಬ್ಯಾಂಕಿನ ನಿಯಂತ್ರಣ ಇಲ್ಲ. ಅಲ್ಲಿ ಸಂಘದ ಕಾರ್ಯದರ್ಶಿಯವರ ಬೆನ್ನು ಹತ್ತಬೇಕಾದದ್ದೇ.

ಹಣದ ಲೆಕ್ಕ

ಸ್ಥಿರಾಸ್ತಿ ಮಾರಾಟಕ್ಕೆ ಸಂಬಂಧಿಸಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು, ಮುಂಗಡವೂ ಸೇರಿ, ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ, ಅಂದರೆ ಮಾರುವವರಿಗೆ, ಅಷ್ಟೇ ಮೊತ್ತದ ದಂಡ ವಿಧಿಸಬಹುದು. ಎರಡೂ ಕಡೆಯವರಿಗೆ ಕೃಷಿ ಆದಾಯವಿದ್ದು ಇಬ್ಬರಿಗೂ ತೆರಿಗೆಗೆ ಒಳಪಡುವ ಬೇರಾವ ಆದಾಯವೂ ಇಲ್ಲದಿದ್ದರೆ ಈ ನಿರ್ಬಂಧದಿಂದ ವಿನಾಯಿತಿ ಇದೆ. ಆದರೆ ಆ ವಿನಾಯಿತಿಯನ್ನು ನೆಚ್ಚಿಕೊಂಡು ಚೀಲದಲ್ಲಿ ಹಣ ತರಿಸಿಕೊಳ್ಳುವುದು ಸಾಕ್ಷ್ಯದ ದೃಷ್ಟಿಯಿಂದ ಒಳಿತಲ್ಲ. 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದು ಪಾವತಿಯ ಉಲ್ಲೇಖ ನೋಂದಣಿಗೆ ಬರುವ ಪತ್ರದಲ್ಲಿ ಕಂಡರೆ ಉಪನೋಂದಣಾಧಿಕಾರಿಯವರು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಸ್ವತ್ತೊಂದರ ಪ್ರಕರಣದಲ್ಲಿಯೇ, ನಿರ್ದೇಶಿಸಿದೆ.

ಪತ್ರದಲ್ಲಿ ಕಡಿಮೆ ಬೆಲೆ ಬರೆಯಿಸಿ ಉಳಿದದ್ದನ್ನು ಕೈಯಲ್ಲಿ ಪಡೆಯುವ ರೂಢಿ ಮಾರುವವರಿಗೆ ಲಾಭದಾಯಕವೆಂದು ಹೇಳಲಾಗುತ್ತದೆ. ಲಾಭ ಯಾರಿಗೆಂದು ಸದಸ್ಯರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಈ ಲೇಖನ ಬರೆಯುವ ಹೊತ್ತಿನ ದರದಂತೆ ಗ್ರಾಮೀಣ ಪ್ರದೇಶದ 10 ಲಕ್ಷ ರೂಪಾಯಿಯ ಮನೆಗೆ ಮುದ್ರಾಂಕ ಶುಲ್ಕ ಶೇ. 5ರಂತೆ 50,000, ಅದರ ಮೇಲೆ ಶೇ. 10ರ ಉಪಕರ 5,000, ಶೇ. 3ರ ಸರ್ಚಾರ್ಜ್ 1,500. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿರುವುದರಿಂದ 20,000. ಒಟ್ಟು 76,500 ರೂಪಾಯಿ. ಬೇರೆ ಒಪ್ಪಂದವಿಲ್ಲದಿದ್ದರೆ ಇದನ್ನು ಭರಿಸುವವರು ಕೊಳ್ಳುವವರು. ಕಡಿಮೆ ಬರೆದರೆ ಉಳಿಯುವುದು ಬಹುತೇಕ ಅವರ ಹಣವೇ. ಪತ್ರದಲ್ಲಿಲ್ಲದ ಮೊತ್ತವನ್ನು ಮುಂದೆಂದಾದರೂ ಕೇಳಬೇಕಾದಾಗ ಕಾಗದವಿಲ್ಲದೆ ನಿಲ್ಲುವವರು ಮಾರಿದವರು. ಅಷ್ಟಾಗಿಯೂ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಶುಲ್ಕ ಲೆಕ್ಕ ಹಾಕುವುದಿಲ್ಲ.

ಹಾಗಾದರೆ ಹಣ ಹೇಗೆ ಬರಬೇಕು? ನೋಂದಣಿಗೆ ಮೊದಲೇ ಆರ್‌ಟಿಜಿಎಸ್ ಅಥವಾ ನೆಫ್ಟ್ ಮೂಲಕ ಖಾತೆಗೆ ಜಮೆಯಾಗಿರಬೇಕು. ಇಲ್ಲವೆ ಬ್ಯಾಂಕ್ ಡಿಮಾಂಡ್ ಡ್ರಾಫ್ಟ್ ಕೈಗೆ ಬಂದಿರಬೇಕು. ಡ್ರಾಫ್ಟ್ ಆದರೆ ಸಹಿಯ ಮೊದಲು ಅದನ್ನು ಕೊಟ್ಟ ಶಾಖೆಯಲ್ಲಿ ಖಚಿತಪಡಿಸಿಕೊಳ್ಳುವುದು ಅವಶ್ಯ. ಕೊಳ್ಳುವವರು ಸಾಲ ಪಡೆದಿದ್ದರೆ ಸಾಮಾನ್ಯವಾಗಿ ಬ್ಯಾಂಕಿನ ಪ್ರತಿನಿಧಿ ನೋಂದಣಿ ಕಚೇರಿಗೇ ಡ್ರಾಫ್ಟ್ ತರುತ್ತಾರೆ. ಮುಂದಿನ ದಿನಾಂಕದ ಚೆಕ್ಕನ್ನು ಮಾತ್ರ ಒಪ್ಪಿಕೊಳ್ಳಲೇಬಾರದು. ಅನಿವಾರ್ಯವಾದರೆ ಚೆಕ್ಕಿನ ಸಂಖ್ಯೆ, ದಿನಾಂಕ, ಬ್ಯಾಂಕು ಮತ್ತು "ಈ ಮೊತ್ತ ಇನ್ನೂ ಬರಬೇಕಾಗಿದೆ, ಜಮೆಯಾದ ನಂತರವೇ ಸ್ವಾಧೀನ" ಎಂಬ ಒಕ್ಕಣೆ ಪತ್ರದಲ್ಲಿರಲೇಬೇಕು. ಸೂರತ್ತಿನ 36 ಚೆಕ್ಕುಗಳನ್ನು ನೆನಪಿಟ್ಟುಕೊಳ್ಳಿ.

ಹಣ ಯಾರ ಖಾತೆಗೆ ಎಂಬುದೂ ಅಷ್ಟೇ ಮುಖ್ಯ. ಅಜ್ಜಿಗೆ ಬ್ಯಾಂಕಿನ ವ್ಯವಹಾರ ತಿಳಿಯದೆಂದು ಮೊಮ್ಮಗನ ಖಾತೆಗೋ ಮಧ್ಯವರ್ತಿಯ ಖಾತೆಗೋ ಹಾಕಿಸುವುದು ಕಂಡುಬರುತ್ತದೆ. ಸಹಿ ಹಾಕುವ ಪ್ರತಿಯೊಬ್ಬರ ಪಾಲು ಅವರವರ ಖಾತೆಗೇ ಹೋಗಲಿ, ಆ ಖಾತೆಯ ವಿವರ ಪತ್ರದಲ್ಲಿರಲಿ. ವರ್ಷಗಟ್ಟಲೆ ಬಳಸದೆ ನಿಷ್ಕ್ರಿಯವಾದ ಖಾತೆಯನ್ನು ಒಂದು ತಿಂಗಳ ಮೊದಲೇ ಚಾಲ್ತಿಗೊಳಿಸಿಕೊಳ್ಳಬೇಕು.

ಆ ದಿನ

ಈಗಿನ ಕಾವೇರಿ 2.0 ವ್ಯವಸ್ಥೆಯಲ್ಲಿ ಪತ್ರದ ಕರಡನ್ನು ಮೊದಲೇ ಜಾಲತಾಣಕ್ಕೆ ಸೇರಿಸಿ, ಉಪನೋಂದಣಾಧಿಕಾರಿಯವರ ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿಕೊಂಡು ಹೋಗುವುದರಿಂದ ಕಚೇರಿಯೊಳಗಿನ ಕೆಲಸ ಛಾಯಾಚಿತ್ರ ಮತ್ತು ಬೆರಳಚ್ಚಿಗೆ ಸೀಮಿತವಾಗಿ ಬೇಗ ಮುಗಿಯುತ್ತದೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು. ಅನುಕೂಲವೇ ಸರಿ. ಆದರೆ ಬೇಗ ಮುಗಿಯುವುದರಿಂದಲೇ, ಅಲ್ಲಿ ಕುಳಿತು ಓದುವುದಕ್ಕೆ ಅವಕಾಶವಿಲ್ಲ. ಕರಡನ್ನು ಜಾಲತಾಣಕ್ಕೆ ಸೇರಿಸುವ ಮೊದಲೇ ಮಾರುವವರ ಮನೆಯಲ್ಲಿ, ಹಕ್ಕುದಾರರೆಲ್ಲರೂ ಕುಳಿತಿರುವಾಗ, ಗಟ್ಟಿಯಾಗಿ ಓದಿಸಬೇಕು. ಪತ್ರ ಬರಹಗಾರರು ಓದುವ ವೇಗದಲ್ಲಲ್ಲ, ಕೇಳುವವರಿಗೆ ಅರ್ಥವಾಗುವ ವೇಗದಲ್ಲಿ. ಬೆಲೆ, ಹಣ ಸಂದಾಯದ ಒಕ್ಕಣೆ, ಷೆಡ್ಯೂಲು, ಸ್ವಾಧೀನ ಬಿಟ್ಟುಕೊಡುವ ದಿನ ಈ ನಾಲ್ಕನ್ನು ಎರಡು ಬಾರಿ ಓದಿಸಿ. ಮನೆಯೊಂದಿಗೆ ಹಿತ್ತಲಿನ ತೆಂಗಿನಮರ, ನೀರಿನ ಟ್ಯಾಂಕು, ದೇವರಮನೆಯ ಬಾಗಿಲು ಹೋಗುತ್ತವೆಯೋ ಉಳಿಯುತ್ತವೆಯೋ ಎಂಬುದೂ ಅಲ್ಲಿಯೇ ತೀರ್ಮಾನವಾಗಲಿ. ಹತ್ತು ಲಕ್ಷದ ವ್ಯವಹಾರ ಒಂದು ಕೆತ್ತನೆಯ ಬಾಗಿಲಿಗಾಗಿ ಕೆಟ್ಟಿರುವುದುಂಟು.

ಮೂಲ ಪತ್ರಗಳು, ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಗುರುತಿನ ಚೀಟಿಯೊಂದಿಗೆ ಇಬ್ಬರು ಸಾಕ್ಷಿಗಳು ಜೊತೆಯಲ್ಲಿರಬೇಕು. ಮೂಲ ಪತ್ರಗಳನ್ನು ಕೊಳ್ಳುವವರಿಗೆ ಒಪ್ಪಿಸುವ ಕರ್ತವ್ಯ ಕಾನೂನಿನಂತೆ ಹುಟ್ಟುವುದು ಪೂರ್ತಿ ಬೆಲೆ ಸಂದಾಯವಾದ ಮೇಲೆ. ಅದುವರೆಗೆ ತೋರಿಸಬೇಕು, ಜೆರಾಕ್ಸ್ ಕೊಡಬೇಕು, ಮೂಲವನ್ನು ಬಿಡಬಾರದು. "ನಂಬಿಕೆಗಾಗಿ" ಮೂಲ ಪತ್ರಗಳನ್ನು ಸದಸ್ಯರ ಮನೆಯಲ್ಲಿರಿಸುವ ಪದ್ಧತಿಯೊಂದಿದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ; ನಾಳೆ ವ್ಯಾಜ್ಯವಾದರೆ ನೀವು ಮಧ್ಯಸ್ಥರಾಗಿ ಉಳಿಯದೆ ಪಕ್ಷಗಾರರಾಗುತ್ತೀರಿ. ಸಾಕ್ಷಿ ಹಾಕುವುದು ತಪ್ಪಲ್ಲ. ಆದರೆ ಮಾರುವವರು ಸಹಿ ಹಾಕುವುದನ್ನು ಕಣ್ಣಾರೆ ಕಂಡಲ್ಲಿ ಮಾತ್ರ ಹಾಕಿ, ಮನೆಗೆ ತಂದುಕೊಟ್ಟ ಕಾಗದಕ್ಕೆ ಹಾಕಬೇಡಿ.

ನಡೆಯಲಾಗದ ವೃದ್ಧರನ್ನು ಕುರ್ಚಿಯಲ್ಲಿ ಹೊತ್ತು ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿಸುವ ದೃಶ್ಯ ಅಪರೂಪವಲ್ಲ. ಅದರ ಅಗತ್ಯವಿಲ್ಲ. ನೋಂದಣಿ ಅಧಿನಿಯಮ 1908ರ 38ನೇ ಪ್ರಕರಣದಂತೆ ದೈಹಿಕ ಅಶಕ್ತತೆಯಿಂದ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಿ ಅಥವಾ ಕಮಿಷನ್ ಕಳುಹಿಸಿ ಹೇಳಿಕೆ ಪಡೆಯಲು ಅವಕಾಶವಿದೆ. ಮೊದಲೇ ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಬೇಕು. ಯಾವುದೋ ಕಾರಣಕ್ಕೆ ಆ ದಿನ ಕೆಲಸ ಮುಗಿಯದಿದ್ದರೂ ಗಾಬರಿ ಬೇಡ. ಸಹಿಯಾದ ಪತ್ರವನ್ನು ಹಾಜರುಪಡಿಸಲು 4 ತಿಂಗಳ ಕಾಲಾವಕಾಶವಿದೆ. ಆದರೆ ಸಹಿಯಾದ ಆ ಪತ್ರ ಹಣ ಬಾರದೆ ಕೊಳ್ಳುವವರ ಕೈಯಲ್ಲಿ ಉಳಿಯಬಾರದು.

ಆನಂತರ

ಮಾರಾಟದ ದಿನದವರೆಗಿನ ಮನೆ ಕಂದಾಯ, ನೀರಿನ ಕರ ಮಾರುವವರ ಹೊಣೆ. ಬಾಕಿ ಕಟ್ಟಿದ ರಸೀದಿಯನ್ನು ಅವರು ತಮ್ಮ ಬಳಿಯೇ ಇಟ್ಟುಕೊಳ್ಳಲಿ. ಖಾತೆ ಬದಲಾವಣೆ ಕೊಳ್ಳುವವರ ಕೆಲಸವೆಂದು ಮರೆತುಬಿಡುವಂತಿಲ್ಲ. ಬದಲಾಗುವವರೆಗೆ ಬೇಡಿಕೆ ನೋಟೀಸು ಹಳೆಯ ಹೆಸರಿಗೇ ಬರುತ್ತದೆ. ಒಂದೆರಡು ತಿಂಗಳ ನಂತರ ಕಚೇರಿಗೆ ಬಂದು ವಿಚಾರಿಸಿದರೆ ಸಾಕು. ವಿದ್ಯುತ್ ಕಂಪನಿಯಲ್ಲಿ ಆರ್‌ಆರ್ ಸಂಖ್ಯೆಯ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಗೃಹಜ್ಯೋತಿಗೆ ಜೋಡಿಸಿದ ತಮ್ಮ ಆಧಾರ್ ಅನ್ನು ಹಳೆಯ ಮನೆಯ ಮೀಟರಿನಿಂದ ಬೇರ್ಪಡಿಸಿಕೊಳ್ಳದಿದ್ದರೆ, ಮಾರಿದವರು ಹೋಗಿ ನೆಲೆಸುವ ಬಾಡಿಗೆ ಮನೆಯಲ್ಲಿ ಅವರಿಗೆ ಆ ಸೌಲಭ್ಯ ಸಿಗುವುದಿಲ್ಲ. ಸೇವಾಸಿಂಧುವಿನಲ್ಲಿ ಇದಕ್ಕೆ ಅವಕಾಶವಿದೆ, ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಿಕೊಡಬಹುದು.